ದೇಶದ ವರ್ಷಫಲ: ಈ ಯುಗಾದಿಗೆ ನಾನು ಏನನ್ನು ಓದಲಿ?

ತುಂಗಾತೀರದವ

ಊರಿನ ದೇವಸ್ಥಾನದಲ್ಲಿ ಯುಗಾದಿಯ ಸಂಜೆ ಪಂಚಾಂಗ ಓದುವುದು ನಮ್ಮ ಮನೆಯವರ ಪಾಲಿಗೆ ಬಂದ ಕೆಲಸ. ಅಪ್ಪ ಸುಮಾರು ನಲವತ್ತು ವರ್ಷ ಓದಿದರು. 2024ರ ಫೆಬ್ರವರಿಯಲ್ಲಿ ತೀರಿಕೊಂಡರು. ಆಮೇಲೆ ಎರಡು ಸಲ ಚಿಕ್ಕಪ್ಪ ಓದಿದರು. ಈಗ ಅವರ ಕಣ್ಣಿಗೆ ಪೊರೆ ಬಂದಿದೆ, ಅಕ್ಷರ ಕೂಡಿ ಬರುವುದಿಲ್ಲ ಎನ್ನುತ್ತಾರೆ. "ಮಾರ್ಚ್ 19ಕ್ಕೆ ಬಂದುಬಿಡು, ಪರಾಭವ ಸಂವತ್ಸರ ನಿನ್ನ ಬಾಯಿಂದಲೇ ಆಗಲಿ" ಎಂದು ಫೋನ್ ಮಾಡಿದರು.

ನಾನು ಬೆಂಗಳೂರಿನಲ್ಲಿ ಲೆಕ್ಕಪರಿಶೋಧನೆಯ ಕೆಲಸ ಮಾಡುವವನು. ಬರೆದದ್ದಕ್ಕೂ ಇದ್ದದ್ದಕ್ಕೂ ತಾಳೆ ನೋಡುವುದೇ ನನ್ನ ಅನ್ನ. ಹಾಗಾಗಿ ಹೋದ ತಿಂಗಳು ಊರಿಗೆ ಹೋದಾಗ ಅಟ್ಟದ ಟ್ರಂಕಿನಲ್ಲಿದ್ದ ಅಪ್ಪನ ಹಳೆಯ ಪಂಚಾಂಗಗಳನ್ನು ಕೆಳಗಿಳಿಸಿ ದೇಶದ ಫಲವನ್ನಷ್ಟೇ ಓದುತ್ತ ಕುಳಿತೆ. ರಾಜ, ಮಂತ್ರಿ, ಸೇನಾಧಿಪ, ಸಸ್ಯಾಧಿಪ, ಧಾನ್ಯಾಧಿಪ, ಅರ್ಘಾಧಿಪ, ಮೇಘಾಧಿಪ, ರಸಾಧಿಪ, ನೀರಸಾಧಿಪ: ಪಂಚಾಂಗ ವರ್ಷ ವರ್ಷವೂ ಗ್ರಹಗಳಿಗೆ ಹಂಚುವ ಈ ಒಂಬತ್ತು ಹುದ್ದೆಯವರ, ಅಂದರೆ ನವನಾಯಕರ ಫಲ.

2023ರ ಶೋಭಕೃತ್ ಸಂವತ್ಸರಕ್ಕೆ ಬುಧ ರಾಜ, ಶುಕ್ರ ಮಂತ್ರಿ, ಗುರು ಮೇಘಾಧಿಪ. ಮೂವರೂ ಶುಭರು. "ಸುವೃಷ್ಟಿ, ಸಸ್ಯ ಸಮೃದ್ಧಿ" ಎಂದು ಅಪ್ಪ ಓದಿದ್ದು ನನ್ನ ಕಿವಿಯಲ್ಲಿಯೇ ಇದೆ, ಅದು ಅವರ ಕೊನೆಯ ಓದು. ಆ ವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರವೇ ಘೋಷಿಸಿತು. ಮರುವರ್ಷದ ಹೆಸರು ಕ್ರೋಧಿ. ಕುಜ ರಾಜ, ಶನಿ ಮಂತ್ರಿ. ಆ ಹೆಸರು ಕೇಳಿಯೇ ಜನ ಮುಖ ಸಪ್ಪಗೆ ಮಾಡಿಕೊಂಡರಂತೆ. ಆ ಸಲದ ಮುಂಗಾರು ದೇಶದಲ್ಲಿ ವಾಡಿಕೆಯ ಶೇಕಡಾ 108ರಷ್ಟು ಸುರಿಯಿತು, ನಮ್ಮ ಹೊಳೆ ಎರಡು ಸಲ ತೋಟಕ್ಕೆ ನುಗ್ಗಿತು.

ಈಗ ನನ್ನ ಪ್ರಶ್ನೆ ಇಷ್ಟೇ. ಈ ಸಲ, 2026ಕ್ಕೆ, ಗುರು ರಾಜ, ಕುಜ ಮಂತ್ರಿ. ಇದನ್ನು ಗಂಟಲೆತ್ತಿ ಓದುವುದು ಹೇಗೆ? ಓದದೆ ಇರುವುದಂತೂ ಆಗದು. ಹಿರಿಯರು ಕಾಯುತ್ತಾರೆ.

ಗಣಿತದ ಮೇಷ್ಟ್ರು

ನಿಮ್ಮ ಒಂಬತ್ತು ನಾಯಕರು ಹೇಗೆ ನೇಮಕವಾಗುತ್ತಾರೆ ಎಂದು ಮೊದಲು ನೋಡಿ. ಚೈತ್ರ ಶುದ್ಧ ಪಾಡ್ಯದ ವಾರ ಯಾವುದೋ ಅದರ ಅಧಿಪತಿ ರಾಜ. ಮೇಷ ಸಂಕ್ರಮಣದ ವಾರದವನು ಮಂತ್ರಿ. ಸಿಂಹ ಸಂಕ್ರಮಣದ್ದು ಸೇನಾಧಿಪ, ಕರ್ಕದ್ದು ಸಸ್ಯಾಧಿಪ, ಧನುವಿನದು ಧಾನ್ಯಾಧಿಪ, ಮಿಥುನದ್ದು ಅರ್ಘಾಧಿಪ. ಸೂರ್ಯ ಆರಿದ್ರಾ ನಕ್ಷತ್ರಕ್ಕೆ ಹೋದ ದಿನದವನು ಮೇಘಾಧಿಪ. ತುಲಾ, ಮಕರ ಸಂಕ್ರಮಣಗಳಿಗೆ ರಸಾಧಿಪ, ನೀರಸಾಧಿಪ. ಅಲ್ಲಿಗೆ ಗ್ರಹ ಆಕಾಶದಲ್ಲಿ ಎಲ್ಲಿದೆ ಎಂಬುದಕ್ಕೂ ಈ ಪಟ್ಟಿಗೂ ಸಂಬಂಧವೇ ಇಲ್ಲ. ಗುರು ಉಚ್ಚನೋ ನೀಚನೋ ಯಾರೂ ಕೇಳುವುದಿಲ್ಲ. ಗುರುವಾರ ಬಂತು, ಗುರು ಬಂದ.

ಇನ್ನೊಂದು ತಮಾಷೆ. ಸೌರವರ್ಷಕ್ಕೆ 365 ದಿನ, ಮೇಲೆ ಕಾಲು ದಿನಕ್ಕಿಂತ ಚೂರು ಹೆಚ್ಚು. 365ನ್ನು ಏಳರಿಂದ ಭಾಗಿಸಿದರೆ ಉಳಿಯುವುದು ಒಂದು. ಅಂದರೆ ಸಂಕ್ರಮಣದ ವಾರ ವರ್ಷಕ್ಕೆ ಒಂದು ಹೆಜ್ಜೆ ಮುಂದೆ ಹೋಗುತ್ತದೆ, ನಾಲ್ಕು ವರ್ಷಕ್ಕೊಮ್ಮೆ ಎರಡು ಹೆಜ್ಜೆ. 2022ರಲ್ಲಿ ಗುರು ಮಂತ್ರಿ, 2023ರಲ್ಲಿ ಶುಕ್ರ, 2024ರಲ್ಲಿ ಶನಿ, ಭಾನುವಾರವನ್ನು ಹಾರಿ 2025ರಲ್ಲಿ ಚಂದ್ರ, ಈಗ ಕುಜ. ಇದು ಪಂಚಾಯಿತಿ ನಲ್ಲಿಯ ಸರದಿಯಂತೆ. ಮಿಕ್ಕ ಏಳು ಖಾತೆಗಳೂ ಸೂರ್ಯನಿಗೇ ಕಟ್ಟಿಕೊಂಡಿರುವುದರಿಂದ ಹೆಚ್ಚುಕಡಿಮೆ ಒಟ್ಟಿಗೇ ಜಾರುತ್ತವೆ. ಒಂಬತ್ತು ಜನರ ಮಂತ್ರಿಮಂಡಲ ಎಂದು ಕಾಣುತ್ತದೆ, ನಿಜವಾಗಿ ಸ್ವಂತ ಕಾಲಿನ ಮೇಲೆ ನಿಂತವರು ಇಬ್ಬರೇ: ಚಾಂದ್ರಮಾನದ ರಾಜ, ಸೌರಮಾನದ ಮಂತ್ರಿ. ಉಳಿದವರೆಲ್ಲ ಮಂತ್ರಿಯ ಪರಿವಾರ.

ಈ ಸಲ ರಾಜನ ಪಟ್ಟವೂ ನಾಜೂಕು. ಮಾರ್ಚ್ 19ರ ಬೆಳಿಗ್ಗೆ ಸೂರ್ಯ ಹುಟ್ಟುವಾಗ ಇನ್ನೂ ಅಮಾವಾಸ್ಯೆ. ಅದು 6.52ರ ಹೊತ್ತಿಗೆ ಮುಗಿದು ಪಾಡ್ಯ ಹಿಡಿಯುತ್ತದೆ, ಮರುದಿನ ಸೂರ್ಯೋದಯಕ್ಕೆ ಮೊದಲೇ ಕಳೆದುಹೋಗುತ್ತದೆ. ಪಾಡ್ಯ ಎರಡು ಗಂಟೆ ಹೆಚ್ಚು ಎಳೆದಿದ್ದರೆ ಶುಕ್ರವಾರ ಯುಗಾದಿ, ಶುಕ್ರ ರಾಜ. ದೇಶದ ಅದೃಷ್ಟ ಐದು ಗಳಿಗೆಯಲ್ಲಿ ತಪ್ಪಿತು.

ಪುಷ್ಯ ನಕ್ಷತ್ರ

ಮೇಷ್ಟ್ರೇ, ನಾನು ಜ್ಯೋತಿಷ್ಯವನ್ನು ವೃತ್ತಿಯಾಗಿ ಇಟ್ಟುಕೊಂಡವನು. ಮೂವತ್ತು ವರ್ಷವಾಯಿತು. ನೀವು ಹೇಳಿದ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ನವನಾಯಕ ಫಲವನ್ನು ಹಿಡಿದು ಇಡೀ ಮೇದಿನಿ ಜ್ಯೋತಿಷವನ್ನು, ಅಂದರೆ ದೇಶಕ್ಕೆ ಫಲ ಹೇಳುವ ಜ್ಯೋತಿಷವನ್ನು ಅಳೆಯಬೇಡಿ. ಅದು ಮನೆಯ ಮುಂದಿನ ರಂಗೋಲಿ, ಮನೆಯಲ್ಲ. ದೇಶದ ವರ್ಷ ನೋಡುವವರು ಸೂರ್ಯ ಮೇಷಕ್ಕೆ ಬರುವ ಕ್ಷಣಕ್ಕೆ ರಾಜಧಾನಿಯಲ್ಲಿ ಯಾವ ಲಗ್ನ ಎಂದು ಕುಂಡಲಿ ಹಾಕುತ್ತಾರೆ. ಗ್ರಹಣ ಎಲ್ಲಿ ಕಾಣುತ್ತದೆ, ಗುರು ಶನಿಯರ ಯುತಿ ಎಲ್ಲಿ, ಎಲ್ಲವನ್ನೂ ಸೇರಿಸುತ್ತಾರೆ. ಅದರ ಮೇಲೆ ದೇಶದ ಜನ್ಮಕುಂಡಲಿ.

ಭಾರತದ್ದು 1947ರ ಆಗಸ್ಟ್ 15ರ ಸೊನ್ನೆ ಗಂಟೆ, ದೆಹಲಿ. ವೃಷಭ ಲಗ್ನ, ಲಗ್ನದಲ್ಲಿ ರಾಹು. ಮೂರನೆಯ ಮನೆ ಕರ್ಕದಲ್ಲಿ ರವಿ, ಚಂದ್ರ, ಬುಧ, ಶುಕ್ರ, ಶನಿ ಐವರು. ಚಂದ್ರ ಪುಷ್ಯದಲ್ಲಿ (ನನ್ನ ಹೆಸರು ಅಲ್ಲಿಂದಲೇ). ಶನಿ ದಶೆಯಿಂದ ಶುರುವಾಗಿ ಈಗ 2025ರ ಸೆಪ್ಟೆಂಬರ್‌ನಿಂದ ಕುಜದಶೆ ನಡೆಯುತ್ತಿದೆ. ಏಳು ವರ್ಷ. ಇದನ್ನು ನಲ್ಲಿ ಸರದಿ ಎನ್ನಲಾರಿರಿ.

ಸಂವತ್ಸರದ ಹೆಸರನ್ನೂ ಹಗುರವಾಗಿ ಕಾಣಬೇಡಿ. ತುರ್ತುಪರಿಸ್ಥಿತಿ ಬಂದ 1975 ಯಾವ ಸಂವತ್ಸರ? ರಾಕ್ಷಸ. ಇಂದಿರಾ ಗಾಂಧಿ ಹತ್ಯೆ, ಭೋಪಾಲದ ಅನಿಲ ಎರಡೂ ನಡೆದ 1984? ರಕ್ತಾಕ್ಷಿ. ಲಾಕ್‌ಡೌನ್ ಶುರುವಾದದ್ದು 2020ರ ಮಾರ್ಚ್ 25ರಂದು, ಸರಿಯಾಗಿ ಯುಗಾದಿಯ ದಿನ. ಹೆಸರು ಶಾರ್ವರಿ, ಅಂದರೆ ಇರುಳು.

ಗಣಿತದ ಮೇಷ್ಟ್ರು

ನಿಮ್ಮ ಹೆಸರುಗಳ ಪಟ್ಟಿಗೆ ನಾನೂ ನಾಲ್ಕು ಸೇರಿಸುತ್ತೇನೆ. ದೇಶ ಒಡೆದು ಲಕ್ಷಾಂತರ ಜನ ಸತ್ತ, ಗಾಂಧೀಜಿ ಗುಂಡಿಗೆ ಬಿದ್ದ 1947-48 ಸರ್ವಜಿತ್. ಚೀನಾದೆದುರು ಸೋತ 1962 ಶುಭಕೃತ್. ಬರ ಬಿದ್ದ 2023 ಶೋಭಕೃತ್. ಕಪಿಲ್ ದೇವ್ ಲಾರ್ಡ್ಸ್‌ನಲ್ಲಿ ಕಪ್ ಎತ್ತಿ ಊರೂರಲ್ಲಿ ಪಟಾಕಿ ಹೊಡೆದ 1983? ರುಧಿರೋದ್ಗಾರಿ, ರಕ್ತ ಕಾರುವವನು. ನಾನಾಗ ಹೈಸ್ಕೂಲಿನಲ್ಲಿದ್ದೆ, ಯಾರೂ ರಕ್ತ ಕಾರಲಿಲ್ಲ, ರೇಡಿಯೋ ಸುತ್ತ ಕುಣಿದೆವು.

ಒಲೆಯ ಮುಂದೆ

ನನ್ನ ಮಗಳು ಹುಟ್ಟಿದ್ದು ಶಾರ್ವರಿಯಲ್ಲಿಯೇ. ಹೆಸರೂ ಅದೇ ಇಟ್ಟೆವು. ಇರುಳು ಕೆಟ್ಟದ್ದೆಂದು ಯಾರು ಹೇಳಿದರು ರಾಯರೇ?

ಪುಷ್ಯ ನಕ್ಷತ್ರ

ತಪ್ಪಾಯಿತು ತಾಯಿ. ಮಗುವಿಗೆ ಒಳ್ಳೆಯದಾಗಲಿ.

ಕಡಲಾಚೆಯವಳು

ಸಣ್ಣ ಅನುಮಾನ. ನಾನಿರುವುದು ನ್ಯೂಜೆರ್ಸಿಯಲ್ಲಿ. ಇಲ್ಲಿಗೂ ಗುರುವೇ ರಾಜನೇ, ಅಥವಾ ವೀಸಾ ಬೇಕೇ?

ಪುಷ್ಯ ನಕ್ಷತ್ರ

ಹಳಬರಿಗೆ ಲೋಕವೆಂದರೆ ಭಾರತವರ್ಷ. ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ದೇಶವನ್ನು ಆಮೆಯಂತೆ ಕಲ್ಪಿಸಿ ಒಂಬತ್ತು ಭಾಗ ಮಾಡಿ, ಮೂರು ಮೂರು ನಕ್ಷತ್ರಗಳನ್ನು ಒಂದೊಂದಕ್ಕೆ ಹಂಚಿದ್ದಾನೆ. ಅದೇ ಕೂರ್ಮವಿಭಾಗ. ಯಾವ ನಕ್ಷತ್ರಕ್ಕೆ ಪೀಡೆಯೋ ಆ ಭಾಗದ ದೇಶಕ್ಕೆ ಪೀಡೆ. ಆಮೆಯ ಬೆನ್ನಿನ ಮೇಲೆ ನ್ಯೂಜೆರ್ಸಿ ಇಲ್ಲ.

ಹಳೇ ಟಪಾಲು

ನಾನು ನೋಡಿದ್ದನ್ನು ಹೇಳಿಬಿಡುತ್ತೇನೆ. 1962ರ ಫೆಬ್ರವರಿ ಮೊದಲ ವಾರ. ಮಕರ ರಾಶಿಯಲ್ಲಿ ಎಂಟು ಗ್ರಹ ಕೂಡುತ್ತವೆ, ಅಷ್ಟಗ್ರಹ ಕೂಟ, ಪ್ರಳಯವೇ ಆಗುತ್ತದೆ ಎಂದು ಎಲ್ಲೆಲ್ಲೂ ಅದೇ ಮಾತು. ನನಗೆ ಹತ್ತು ವರ್ಷ. ದೇಶದ ತುಂಬ ಹೋಮ, ಯಜ್ಞ. ನಮ್ಮ ಸೋದರತ್ತೆಯ ಮದುವೆಯನ್ನು ಮುಂದೂಡಿದರು. ಬದುಕಿದರೆ ಮಾಡೋಣ ಎಂದರಂತೆ ಅಜ್ಜ. ಅಜ್ಜಿ ಮಾತ್ರ, ಹೇಗೂ ಲೋಕ ಮುಗಿಯುತ್ತದಲ್ಲ ಎಂದು ಭರಣಿಯಲ್ಲಿ ವರ್ಷಕ್ಕೆಂದು ಇಟ್ಟಿದ್ದ ತುಪ್ಪವನ್ನೆಲ್ಲ ಮೂರು ದಿನದಲ್ಲಿ ನಮಗೆ ಬಡಿಸಿ ಖಾಲಿ ಮಾಡಿದಳು. 5ನೇ ತಾರೀಕು ಸೂರ್ಯಗ್ರಹಣವೂ ಇತ್ತು, ನಮಗೆ ಕಾಣಿಸಲಿಲ್ಲ. 6ನೇ ತಾರೀಕು ಬೆಳಗಾಯಿತು. ಎಂದಿನಂತೆ ಶಾಲೆಗೆ ಕಳಿಸಿದರು. ನನಗೆ ಆದ ನಿರಾಶೆ ಇಷ್ಟಿಷ್ಟಲ್ಲ.

ಆದರೆ ಅಕ್ಟೋಬರಿನಲ್ಲಿ ಚೀನಾ ಯುದ್ಧ ಬಂತಲ್ಲ, ಆಗ ಅಜ್ಜ ಎದೆ ಸೆಟೆಸಿ ಹೇಳಿದರು: "ನೋಡಿದಿರಾ, ಅಷ್ಟಗ್ರಹದ ಫಲ!" ಎಂಟು ತಿಂಗಳು ತಡವಾಗಿ ಬಂದ ತಂತಿಯನ್ನು ನಮ್ಮ ಇಲಾಖೆಯಲ್ಲಿ ಯಾರೂ ಒಪ್ಪುತ್ತಿರಲಿಲ್ಲ.

ಪುಷ್ಯ ನಕ್ಷತ್ರ

ಅಷ್ಟಗ್ರಹಕ್ಕೆ ಪ್ರಳಯವೆಂದು ಹೇಳಿದ್ದು ಶಾಸ್ತ್ರವಲ್ಲ, ಭಯ. ನಿಮ್ಮ ಅಜ್ಜನ ಮಾತನ್ನು ನಾನು ಸಮರ್ಥಿಸಲಾರೆ.

ಮಳೆಮಾಪಕ

ಈಗ ದೇಶದ ಕುಂಡಲಿಗೆ ಬರೋಣ. ಸ್ವಾತಂತ್ರ್ಯದ ಕಾಯಿದೆ ಒಂದೇ, ಆಗಸ್ಟ್ 15ರಂದು ಎರಡು ದೇಶ ಎಂದು ಅದರಲ್ಲಿಯೇ ಬರೆದಿತ್ತು. ಅದೇ ಮಧ್ಯರಾತ್ರಿ ಪಾಕಿಸ್ತಾನವೂ ಹುಟ್ಟಿತು. ಕರ್ಕದಲ್ಲಿ ಅದೇ ಐವರು, ಅದೇ ಪುಷ್ಯ, ಅದೇ ದಶೆಗಳು. ಒಂದು ದೇಶದಲ್ಲಿ ಮತ್ತೆ ಮತ್ತೆ ಸೇನೆ ಗದ್ದುಗೆ ಹಿಡಿಯಿತು, ಇನ್ನೊಂದರಲ್ಲಿ ಒಮ್ಮೆಯೂ ಇಲ್ಲ. ಅವಳಿ ಮಕ್ಕಳ ಜಾತಕ ಯಾಕೆ ಇಷ್ಟು ಬೇರೆಯಾಯಿತು?

ಪುಷ್ಯ ನಕ್ಷತ್ರ

ಒಳ್ಳೆಯ ಪ್ರಶ್ನೆ, ಉತ್ತರವೂ ಇದೆ. ಅದೇ ಕ್ಷಣಕ್ಕೆ ಕರಾಚಿಗೆ ಗುಣಿಸಿದರೆ ಲಗ್ನ ವೃಷಭವಲ್ಲ, ಮೇಷದ ಕಡೆಯ ಅಂಶಗಳು. ಲಗ್ನ ಬದಲಾದರೆ ಹನ್ನೆರಡು ಮನೆಯೂ ಬದಲು. ನಮಗೆ ಮೂರನೆಯ ಮನೆಯಲ್ಲಿರುವ ಐವರು ಅವರಿಗೆ ನಾಲ್ಕರಲ್ಲಿ.

ಮಳೆಮಾಪಕ

ಸರಿ. ಹಾಗಾದರೆ ಮೊದಲೇ ಹೇಳಬೇಕಿತ್ತು, ಮೇಷ ಲಗ್ನದ ದೇಶದಲ್ಲಿ ಸೇನೆ ಬರುತ್ತದೆ, ವೃಷಭದಲ್ಲಿ ಬರುವುದಿಲ್ಲ ಎಂದು. 1947ರಲ್ಲಿ ಹಾಗೆ ಬರೆದಿಟ್ಟವರನ್ನು ತೋರಿಸಿ. ಆಮೇಲೆ ಹೊಂದಿಸಿದರೆ ಯಾವ ಬೀಗಕ್ಕೂ ಕೀಲಿ ಸಿಗುತ್ತದೆ.

ಪುಷ್ಯ ನಕ್ಷತ್ರ

ನಿಮ್ಮ ಹವಾಮಾನ ಇಲಾಖೆ ಏನು ಕಡಿಮೆಯೇ? 2002ರಲ್ಲಿ ವಾಡಿಕೆಯ ಶೇಕಡಾ 101ರಷ್ಟು ಮಳೆ ಎಂದಿತು, ಬಂದದ್ದು 81. 2009ರಲ್ಲಿ ಏಪ್ರಿಲ್‌ನಲ್ಲಿ 96 ಎಂದರು, ಬಂದದ್ದು 78. ಆಗ ಉಪಗ್ರಹವೂ ಇತ್ತು, ಕಂಪ್ಯೂಟರೂ ಇತ್ತು. ಬೈಗುಳ ಮಾತ್ರ ನಮಗೆ.

ಮಳೆಮಾಪಕ

ಎರಡೂ ನಿಜ, ಮುಚ್ಚಿಡುವುದಿಲ್ಲ. ನಾನು ಆ ಕ್ಷೇತ್ರದಲ್ಲಿಯೇ ಕೆಲಸ ಮಾಡಿದವನು, 2002ರ ಪೆಟ್ಟು ಇನ್ನೂ ನೆನಪಿದೆ. ಆದರೆ ನೀವು ಆ ತಪ್ಪನ್ನು ಅಂಕಿ ಸಮೇತ ನನ್ನ ಮುಖಕ್ಕೆ ಹಿಡಿಯಬಲ್ಲಿರಿ, ಯಾಕೆಂದರೆ ಇಲಾಖೆ ಅಂಕಿ ಬರೆದು ಸಹಿ ಹಾಕಿತ್ತು. ತಪ್ಪಿದ ಮೇಲೆ ಹಳೆಯ ಮಾದರಿಯನ್ನು ಕೈಬಿಟ್ಟರು, ಹೊಸದನ್ನು ಕಟ್ಟಿದರು. 2023ಕ್ಕೆ 96 ಎಂದರು, 94 ಬಂತು. 2024ಕ್ಕೆ 106 ಎಂದರು, 108 ಬಂತು. "ಕ್ವಚಿತ್ ಅನಾವೃಷ್ಟಿ, ಕ್ವಚಿತ್ ಅತಿವೃಷ್ಟಿ" ಎಂದು ಬರೆದವರ ತಪ್ಪನ್ನು ನಾನು ಹಿಡಿಯುವುದು ಹೇಗೆ? ಕ್ವಚಿತ್ (ಅಲ್ಲಲ್ಲಿ) ಎಂಬ ಒಂದು ಪದ ಇಡೀ ಶಾಸ್ತ್ರವನ್ನು ಕಾಯುತ್ತದೆ.

ವರಾಹಮಿಹಿರನ ಹೆಸರು ಬಂದದ್ದರಿಂದ ಒಂದು ಮಾತು. ಆತ ಮಳೆಯ ಬಗ್ಗೆ ಬರೆದದ್ದನ್ನು ನಾನು ಆಸಕ್ತಿಯಿಂದ ಓದಿದ್ದೇನೆ. ಮೋಡದ ಗರ್ಭ ಕಟ್ಟಿದ 195 ದಿನಕ್ಕೆ ಮಳೆ ಹೆರುತ್ತದೆ ಎನ್ನುತ್ತಾನೆ, ಅದು ನಿಲ್ಲುವ ಮಾತಲ್ಲ. ಆದರೆ ಅದರ ಬೆನ್ನಿಗೇ, ಒಂದು ಮೊಳ ಅಗಲದ ಪಾತ್ರೆಯನ್ನು ಬಯಲಿಗಿಟ್ಟು ಬಿದ್ದ ನೀರನ್ನು ಅಳೆಯಿರಿ, ಐವತ್ತು ಪಲಕ್ಕೆ ಒಂದು ಆಢಕ ಎಂದು ಲೆಕ್ಕ ಕೊಡುತ್ತಾನೆ. ಅವನಿಗಿಂತ ಮೊದಲೇ ಕೌಟಿಲ್ಯ ಯಾವ ಸೀಮೆಗೆ ಎಷ್ಟು ದ್ರೋಣ ಮಳೆ ಎಂದು ಬರೆದಿದ್ದಾನೆ: ಒಣನಾಡಿಗೆ 16, ನೀರುನಾಡಿಗೆ 24, ಅವಂತಿಗೆ 23. ಅದನ್ನು ಬೇಸಾಯಕ್ಕೆಂದೇ ಬರೆದದ್ದು. ಪಂಚಾಂಗದಲ್ಲಿ ಈಗಲೂ "ಈ ವರ್ಷ ಇಷ್ಟು ಕೊಳಗ ಮಳೆ, ಸಮುದ್ರಕ್ಕೆ ಇಷ್ಟು ಪಾಲು, ಬೆಟ್ಟಕ್ಕೆ ಇಷ್ಟು, ನೆಲಕ್ಕೆ ಇಷ್ಟು" ಎಂದು ಬರುತ್ತದಲ್ಲ, ಆ ಕೊಳಗ ಒಂದು ಕಾಲಕ್ಕೆ ಅಂಗಳದಲ್ಲಿ ಇಟ್ಟಿದ್ದ ಪಾತ್ರೆ. ಬಿದ್ದದ್ದನ್ನು ಅಳೆಯುತ್ತಿದ್ದ ಪಾತ್ರೆಯನ್ನು ಬೀಳಲಿರುವುದನ್ನು ಹೇಳುವ ಪಾತ್ರೆ ಮಾಡಿಕೊಂಡೆವು. ನನಗೆ ಬೇಸರವಿರುವುದು ಅದಕ್ಕೆ.

ಎರೆಹೊಲ

ಮಳೆಯ ಮಾತು ಬಂತು, ಇನ್ನು ಸುಮ್ಮನಿರಲಾರೆ. ನಮ್ಮದು ಗದಗದ ಕಡೆ. ರಾಜ ಯಾರು ಮಂತ್ರಿ ಯಾರು ಎಂದು ನಾವು ಬಿತ್ತುವಾಗ ನೋಡುವುದಿಲ್ಲ. ನೋಡುವುದು ಮಳೆ ನಕ್ಷತ್ರ. ರೋಹಿಣಿ, ಮೃಗಶಿರಕ್ಕೆ ಹದ ಬಿದ್ದರೆ ಹೆಸರುಕಾಳು. ಹಿಂಗಾರಿ ಜೋಳ, ಕಡಲೆಗೆ ಹಸ್ತ, ಚಿತ್ತಿ. ಇದು ಜ್ಯೋತಿಷ್ಯವೋ ಅಲ್ಲವೋ ನೀವೇ ಹೇಳಿ.

ಧಾರವಾಡದ ಹನುಮನಕೊಪ್ಪದಲ್ಲಿ ಇನ್ನೊಂದು ಬಗೆಯಿದೆ. ಯುಗಾದಿ ಅಮಾವಾಸ್ಯೆಯ ರಾತ್ರಿ ತುಪ್ಪರಿ ಹಳ್ಳದ ದಂಡೆಯಲ್ಲಿ ಮಣ್ಣಿನ ಗೊಂಬೆಗಳನ್ನು ದಿಕ್ಕಿಗೊಂದರಂತೆ ಇಟ್ಟು ಬರುತ್ತಾರೆ, ಕಾಳುಕಡಿ, ಎತ್ತು, ಬಂಡಿ ಸಮೇತ. ಬೆಳಿಗ್ಗೆ ಯಾವ ಗೊಂಬೆಗೆ ಏನು ಊನವಾಗಿದೆಯೋ ಅದರಿಂದ ಆ ದಿಕ್ಕಿನ ರಾಜ್ಯ, ಕೇಂದ್ರದ ಗದ್ದುಗೆ, ಮಳೆ, ಬೆಳೆ ಹೇಳುತ್ತಾರೆ. ನನ್ನ ಮಾವನ ಜೊತೆ ಒಮ್ಮೆ ಹೋಗಿದ್ದೆ. ಚುಮುಚುಮು ಬೆಳಕು, ಯಾರೂ ಮಾತಾಡುತ್ತಿಲ್ಲ, ಹತ್ತಾರು ಜನ ಬಗ್ಗಿ ಒಂದು ಗೊಂಬೆಯ ಕಾಲನ್ನು ನೋಡುತ್ತಿದ್ದಾರೆ. ಇರುವೆ ಸಾಲು ಕಾಳಿನ ಕಡೆಗೆ ಹೊರಟಿತ್ತು. "ಅದನ್ನು ಇರುವೆ ಒಯ್ದಿದೆ" ಎಂದು ನಾನು ಬಾಯಿಬಿಟ್ಟೆ. ಮಾವ ತೊಡೆ ಚಿವುಟಿದರು.

ಗಣಿತದ ಮೇಷ್ಟ್ರು

ಎರೆಹೊಲದವರೇ, ಮಳೆ ನಕ್ಷತ್ರ ಜ್ಯೋತಿಷ್ಯವಲ್ಲ, ಅದು ನಿಮ್ಮ ಅಜ್ಜಂದಿರ ಕ್ಯಾಲೆಂಡರ್. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಆರಿದ್ರೆ ಎಂದರೆ ಜೂನ್ 22ರಿಂದ ಜುಲೈ ಮೊದಲ ವಾರ, ಅಷ್ಟೇ. ಒಂದೇ ತೊಡಕು. ನಿರಯನ ಲೆಕ್ಕ, ಅಂದರೆ ನಕ್ಷತ್ರಗಳನ್ನು ಆಧರಿಸಿದ ವರ್ಷದ ಲೆಕ್ಕ, ಋತುವಿನಿಂದ ಸುಮಾರು 72 ವರ್ಷಕ್ಕೆ ಒಂದು ದಿನ ಜಾರುತ್ತದೆ. ವರಾಹಮಿಹಿರನ ಕಾಲದಲ್ಲಿ ಆರಿದ್ರೆ ಹುಟ್ಟುತ್ತಿದ್ದದ್ದು ಈಗಿನ ಜೂನ್ ಮೊದಲಿಗೆ. ಉತ್ತರಾಯಣವೂ ಮಕರ ಸಂಕ್ರಮಣದ ಆಸುಪಾಸಿನಲ್ಲಿಯೇ ಇತ್ತು, ಈಗ ಮೂರು ವಾರಕ್ಕೂ ಹೆಚ್ಚು ಅಂತರ. ಮೇಘನಾದ ಸಹಾ ಅವರ ಸಮಿತಿ ಇದನ್ನು ಸರಿಪಡಿಸಿ ಕೊಟ್ಟಿತು, 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗ ಜಾರಿಗೂ ಬಂತು. ಸರ್ಕಾರಿ ಗೆಜೆಟ್ಟಿನ ತಲೆಬರಹ ಬಿಟ್ಟರೆ ಅದನ್ನು ಯಾರು ಬಳಸುತ್ತಾರೆ, ನಾನಂತೂ ಕಾಣೆ.

ಎರೆಹೊಲ

ಗಾದೆಗಳೂ ಅಷ್ಟು ಹಳೆಯವಲ್ಲ ಮೇಷ್ಟ್ರೇ. ತಪ್ಪಿದರೆ ಹೊಲದವರು ಎರಡು ತಲೆಮಾರಿನಲ್ಲಿ ಬದಲಿಸಿಕೊಳ್ಳುತ್ತಾರೆ. ತಪ್ಪಾದ ನಕ್ಷತ್ರಕ್ಕೆ ಬಿತ್ತಿದರೆ ಉಪವಾಸ ನಮಗೆ, ಪಂಚಾಂಗ ಬರೆದವರಿಗಲ್ಲ.

ಮುಂದಾಳು

ಕುಜದಶೆ ಅಂದರೆ ಯುದ್ಧ ಖಚಿತ. 1965 ವಿಶ್ವಾವಸು, ಪಾಕಿಸ್ತಾನದ ಜೊತೆ ಯುದ್ಧ. ಅರವತ್ತು ವರ್ಷ ತಿರುಗಿ 2025 ವಿಶ್ವಾವಸು, ಆಪರೇಷನ್ ಸಿಂಧೂರ. ಇನ್ನು ಪರಾಭವ. 1966ರಲ್ಲಿ ರೂಪಾಯಿ ಬಿತ್ತು. ಷೇರು ಮಾರಿ ಚಿನ್ನ ಕೊಳ್ಳಿರಿ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೇನೆ.

ನಿರ್ವಾಹಕ

ಹಣ ಎಲ್ಲಿ ಹಾಕಬೇಕು, ಎಲ್ಲಿಂದ ತೆಗೆಯಬೇಕು ಎಂಬ ಸಲಹೆ ಈ ವೇದಿಕೆಯಲ್ಲಿ ಬೇಡ. ಯಾವ ಪಕ್ಷ ಗೆಲ್ಲುತ್ತದೆ ಎಂಬ ಎರಡು ಉತ್ತರಗಳನ್ನೂ ತೆಗೆದಿದ್ದೇನೆ.

ಪುಷ್ಯ ನಕ್ಷತ್ರ

ಮುಂದಾಳು ಅವರೇ, ರೂಪಾಯಿ ಮೌಲ್ಯ ಇಳಿಸಿದ್ದು 1966ರ ಜೂನ್‌ನಲ್ಲಿ, ಡಾಲರಿಗೆ 4.76 ಇದ್ದದ್ದು 7.50. ಹಿಂದಿನ ವರ್ಷದ ಬರ, ಯುದ್ಧ, ನಿಂತ ವಿದೇಶಿ ನೆರವು ಅದರ ಹಿಂದಿದ್ದವು. ನನ್ನ ಹತ್ತಿರವೂ ಜನ ಇದೇ ಕೇಳಲು ಬರುತ್ತಾರೆ. ದೇಶದ ಜಾತಕ ಹಿಡಿದು ಮನೆಯ ಚಿನ್ನ ಅಡವಿಡಬೇಡಿ ಎಂದು ಕಳಿಸುತ್ತೇನೆ.

ತುಂಗಾತೀರದವರಿಗೆ ಒಂದು ಮಾತು ಬಾಕಿಯಿದೆ. 2019ರ ಯುಗಾದಿಗೆ ನಾನೂ ಒಂದು ದಿನಪತ್ರಿಕೆಗೆ ದೇಶದ ಫಲ ಬರೆದುಕೊಟ್ಟಿದ್ದೆ. ಅದರಲ್ಲಿ "ಹೊಸ ರೋಗಭೀತಿ" ಎಂಬ ಮಾತಿತ್ತು. ಕೊರೋನಾ ಬಂದ ಮೇಲೆ ಎಷ್ಟೋ ಜನ ಅದರ ತುಣುಕನ್ನು ಕತ್ತರಿಸಿ ಹಂಚಿದರು, ನನಗೆ ಹಾರವನ್ನೂ ಹಾಕಿದರು. ಹಳೆಯ ಪ್ರತಿಗಳನ್ನು ತೆಗೆದು ನೋಡಿದೆ. ಅದಕ್ಕೂ ಹಿಂದಿನ ಹನ್ನೊಂದು ವರ್ಷವೂ ಅದೇ ಸಾಲನ್ನು ಬರೆದಿದ್ದೆ. ಹಾರ ಹಾಕಿದವರಿಗೆ ಇದನ್ನು ಹೇಳಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ. ಈಗ ವರ್ಷಕ್ಕೆ ಬರೆಯುವುದನ್ನು ಬಿಟ್ಟಿದ್ದೇನೆ. ಮುಹೂರ್ತ, ಜಾತಕ ಸಾಕು.

ಗಣಿತದ ಮೇಷ್ಟ್ರು

ರಾಯರೇ, ಇಷ್ಟು ಹೊತ್ತು ನಿಮ್ಮೊಡನೆ ಜಗಳಾಡಿದ್ದಕ್ಕೆ ಈಗ ನಾಚಿಕೆಯಾಗುತ್ತಿದೆ. ಅಭಿಪ್ರಾಯ ಮಾತ್ರ ಬದಲಾಗಿಲ್ಲ.

ಒಲೆಯ ಮುಂದೆ

ಅದೆಲ್ಲ ಇರಲಿ, ಈ ತಮ್ಮ ಏನು ಓದಬೇಕು ಎಂದು ಯಾರೂ ಹೇಳಲೇ ಇಲ್ಲವಲ್ಲ? ನಮ್ಮೂರಲ್ಲಿ ಹೆಂಗಸರು ಕಾಯುವುದು ಆದಾಯ ವ್ಯಯಕ್ಕೆ (ಯಾವ ರಾಶಿಗೆ ಎಷ್ಟು ಗಳಿಕೆ, ಎಷ್ಟು ಖರ್ಚು ಎಂಬುದಕ್ಕೆ), ಅದಾದ ಮೇಲೆ ಎದ್ದು ಹೋಗುತ್ತೇವೆ. ಅದನ್ನು ಕೊನೆಗೆ ಇಟ್ಟುಕೊಳ್ಳಪ್ಪ, ಜನ ಕೂತಿರುತ್ತಾರೆ. ಈ ಸಲ ಅಧಿಕ ಜ್ಯೇಷ್ಠ ಬರುತ್ತದೆ, ಮೇ 17ರಿಂದ ಜೂನ್ 15, ಆ ತಿಂಗಳು ಮದುವೆ ಇಲ್ಲ ಎಂಬುದನ್ನು ಗಟ್ಟಿಯಾಗಿ ಹೇಳು. ಅದು ಎಲ್ಲರಿಗೂ ಬೇಕಾದ ಸುದ್ದಿ.

ತುಂಗಾತೀರದವ

ಅಕ್ಕ, ಬರೆದುಕೊಂಡೆ.

ಮೊದಲ ಸಲ ಬರೆದಾಗ ಒಂದು ವಿಷಯ ಬಿಟ್ಟಿದ್ದೆ, ಮಳೆಮಾಪಕರ ಪಾತ್ರೆಯ ಮಾತು ಓದಿದ ಮೇಲೆ ಹೇಳಬೇಕೆನಿಸಿತು. ಅಪ್ಪನ ಪಂಚಾಂಗಗಳ ಅಂಚಿನಲ್ಲಿ ಪೆನ್ಸಿಲಿನ ಬರಹ ಇದೆ. ನಕ್ಷತ್ರ ನಕ್ಷತ್ರಕ್ಕೂ ಒಂದೊಂದು ಸಾಲು. "ಪುನರ್ವಸು ಜೋರು, ಹೊಳೆ ದಾಟಲಾಗಲಿಲ್ಲ." "ಪುಷ್ಯ ಬಿಡುವಿಲ್ಲ, ಕೊಳೆಗೆ ಎರಡನೇ ಔಷಧಿ ಹೊಡೆಯಲಾಗಲಿಲ್ಲ, ಅರ್ಧ ಅಡಿಕೆ ನೆಲಕ್ಕೆ." 2023ರ ಪುಟದಲ್ಲಿ, ಗುರು ಮೇಘಾಧಿಪ ಎಂದು ಅಚ್ಚಾದ ಸಾಲಿನ ಎದುರಿಗೆ ನಡುಗುವ ಅಕ್ಷರ: "ಆಶ್ಲೇಷಾ ಇಲ್ಲ. ಮಘೆ ಇಲ್ಲ. ಹುಬ್ಬೆ ಎರಡು ದಿನ." ನಲವತ್ತು ವರ್ಷ ಬಿಡದೆ ಬರೆದಿದ್ದಾರೆ. ಅಚ್ಚಿನ ಸಾಲಿಗೆ ಒಮ್ಮೆಯೂ ಅಡ್ಡಗೀಟು ಹಾಕಿಲ್ಲ, ಸರಿ ತಪ್ಪು ಎಂದು ಗುರುತೂ ಇಲ್ಲ. ಎರಡೂ ಅಕ್ಕಪಕ್ಕ ಇವೆ. ನಾನಾಗಿದ್ದರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಿದ್ದೆ.

ಮಳೆಮಾಪಕ

ಅವುಗಳ ಫೋಟೋ ತೆಗೆದಿಡಿ. ಒಂದೇ ಜಾಗದ ನಲವತ್ತು ವರ್ಷದ ಬರಹ, ಒಂದೇ ಕೈಯದು. ಗಂಭೀರವಾಗಿ ಹೇಳುತ್ತಿದ್ದೇನೆ.

ತುಂಗಾತೀರದವ

ನಿನ್ನೆ ಓದಿದೆ. ಕೇಳಿದವರಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ.

ಗುರು ರಾಜ, ಕುಜ ಮಂತ್ರಿ ಎಲ್ಲವನ್ನೂ ಇದ್ದದ್ದು ಇದ್ದಂತೆ ಓದಿದೆ. ಅಧಿಕ ಮಾಸ ಎರಡು ಸಲ ಹೇಳಿದೆ. ಆದಾಯ ವ್ಯಯಕ್ಕೆ ಮುಂಚೆ, ಅಪ್ಪ ಬರೆದಿಟ್ಟದ್ದನ್ನೂ ಓದಲೇ ಎಂದು ಕೇಳಿದೆ. ಚಿಕ್ಕಪ್ಪ ಕಪ್ಪು ಕನ್ನಡಕದೊಳಗಿಂದ ತಲೆಯಾಡಿಸಿದರು. ಒಂದು ಹಳೆಯ ಪುಟ ತೆಗೆದು "ಆರಿದ್ರೆ ಮೂರು ದಿನ, ಕಾಲುಸಂಕ (ಕಿರುಸೇತುವೆ) ಹೋಯಿತು" ಎಂದು ಓದಿದ್ದೇ ತಡ, ಕಂಬಕ್ಕೆ ಒರಗಿದ್ದ ಅಜ್ಜರೊಬ್ಬರು "ಸಂಕ ಹೋದದ್ದು ಆರಿದ್ರೆಯಲ್ಲಲ್ಲ, ಪುನರ್ವಸು. ನನ್ನ ಎಮ್ಮೆ ಆಚೆ ದಡದಲ್ಲಿತ್ತು" ಎಂದರು. ಅವರ ಹೆಂಡತಿ ಹೆಂಗಸರ ಸಾಲಿನಿಂದ, "ಎಮ್ಮೆ ಆಚೆ ಉಳಿದದ್ದು ಅದರ ಹಿಂದಿನ ವರ್ಷ" ಎಂದರು. ಅಲ್ಲಿಂದ ಮಾತು ಹಿಡಿತ ತಪ್ಪಿತು. ಬೇವುಬೆಲ್ಲದ ತಟ್ಟೆ ಎರಡು ಸುತ್ತು ಬಂತು. ನನ್ನ ಆದಾಯ ವ್ಯಯ ಶುರುವಾದಾಗ ರಾತ್ರಿ ಒಂಬತ್ತೂವರೆ. ಒಬ್ಬರೂ ಎದ್ದಿರಲಿಲ್ಲ ಅಕ್ಕ.

ಸಂಕದ ವರ್ಷ ಯಾವುದು ಎಂದು ಇನ್ನೂ ತೀರ್ಮಾನವಾಗಿಲ್ಲ. ಇವತ್ತು ಬೆಳಿಗ್ಗೆ ಆ ಅಜ್ಜ ಮನೆಗೇ ಬಂದರು, ಟ್ರಂಕು ಇಳಿಸು ಎನ್ನುತ್ತಿದ್ದಾರೆ.